ಬೀದಿಯ ಕಂಬ ಯಾರದು?

ನಮ್ಮ ಮನೆಯ ಮುಂದೆ ಒಂದು ವಿದ್ಯುತ್ ಕಂಬವಿದೆ. ದೀಪಕ್ಕೆಂದು ನೆಟ್ಟ ಕಂಬ ಅದು. ಈಗ ನೋಡಿದರೆ ಬಳ್ಳಿ ಹಬ್ಬಿ ಮುಚ್ಚಿಹೋದ ಮೋಟುಮರದಂತೆ ತೋರುತ್ತದೆ. ಮೈತುಂಬ ಕಪ್ಪು ತಂತಿಗಳು, ಸುರುಳಿ ಸುತ್ತಿ ನೇತುಹಾಕಿದ ಮಿಕ್ಕ ತಂತಿಗಳು, ಯಾರದೆಂದು ಹೇಳಲು ಬಾರದ ಪುಟ್ಟ ಪುಟ್ಟ ಪೆಟ್ಟಿಗೆಗಳು. ಕಳೆದ ಮಳೆಗಾಲದಲ್ಲಿ ಒಂದು ದಿನ ಹೊಸದೊಂದು ಅಂತರಜಾಲ ಕಂಪೆನಿಯ ಹುಡುಗನೊಬ್ಬ ಏಣಿ ಒರಗಿಸಿ ಆ ಕಂಬವನ್ನು ಹತ್ತಿದ; ತನ್ನ ತಂತಿಯನ್ನು ಬಿಗಿದು ಇಳಿದು ಹೋದ. ಅವನು ಹೋದ ಗಳಿಗೆಯಿಂದ ನಮ್ಮ ಮನೆಯ ಸಂಪರ್ಕ ನಿಂತಿತು. ನಮಗೆ ಸಂಪರ್ಕ ಕೊಟ್ಟವರನ್ನು ಕೇಳಿದರೆ, 'ಅವರು ನಮ್ಮ ತಂತಿಯನ್ನು ಕತ್ತರಿಸಿದ್ದಾರೆ' ಎಂದರು. ಹೊಸಬರನ್ನು ಕೇಳಿದರೆ, 'ಅವರ ತಂತಿಯೇ ನಮ್ಮ ದಾರಿಗೆ ಅಡ್ಡವಾಗಿತ್ತು' ಎಂದರು. ಈ ಇಬ್ಬರ ಮಾತಿನ ನಡುವೆ ಮೂರು ದಿನ ಕಳೆಯಿತು.

ಈ ಸಂಗತಿಯನ್ನು ನಾನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನೊಡನೆ ಹೇಳಿಕೊಂಡೆ. ಆತ ಈಗ ವಕೀಲ. ಸಹಾನುಭೂತಿ ತೋರಿಸುವನೆಂದುಕೊಂಡರೆ ಅವನು ನಕ್ಕುಬಿಟ್ಟ. "ಮೇಷ್ಟ್ರೇ, ನೀವು ಕಂಡದ್ದು ಈ ಜಗಳದ ಬಾಲ ಮಾತ್ರ. ಇದರ ತಲೆಯನ್ನು ನೋಡಬೇಕಾದರೆ ಅಮೆರಿಕದ ಎರಡು ಊರುಗಳ ಕಥೆ ಓದಬೇಕು. ಅಲ್ಲಿ ಕಂಬದ ಮೇಲಿನ ತಂತಿಯನ್ನು ಯಾರು ಮುಟ್ಟಬೇಕು ಎಂಬುದಕ್ಕೇ ನಗರಸಭೆಗಳು ಕೋರ್ಟಿನ ಮೆಟ್ಟಿಲು ಹತ್ತಿಳಿದಿವೆ," ಎಂದ. ಹೇಳಿದ್ದಷ್ಟೇ ಅಲ್ಲ, ತೀರ್ಪುಗಳನ್ನೂ ಕಳುಹಿಸಿಕೊಟ್ಟ. ವ್ಯಾಕರಣ, ಛಂದಸ್ಸುಗಳ ಪಾಠ ಹೇಳಿಕೊಂಡಿರುವ ನನಗೆ ಅವು ಹೊಸ ಲೋಕ. ಆದರೆ ಓದುತ್ತ ಹೋದಂತೆ, ಇದು ತಂತಿಯ ಜಗಳವಲ್ಲ, ಬಹು ಹಳೆಯದೊಂದು ಪ್ರಶ್ನೆ ಎಂದು ಮನಸ್ಸಿಗೆ ಬಂತು. ಎಲ್ಲರಿಗೂ ಸೇರಿದ ಜಾಗಕ್ಕೆ ಮೊದಲು ಬಂದವನು, ಆಮೇಲೆ ಬಂದವನಿಗೆ ಎಷ್ಟು ಎಡೆ ಬಿಡಬೇಕು? ಬಿಡದಿದ್ದರೆ ಬಿಡಿಸುವವರು ಯಾರು?

ಮೊದಲು ಆ ದೇಶದ ಕಂಬದ ರಚನೆಯನ್ನು ತಿಳಿದುಕೊಳ್ಳಬೇಕು. ಅಲ್ಲಿನ ಬೀದಿಗಳಲ್ಲಿ ಸಾಮಾನ್ಯವಾಗಿ ಇರುವುದು ನಲವತ್ತು ಅಡಿಯಷ್ಟು ಉದ್ದದ ಮರದ ಕಂಬ. ಅದರ ನೆತ್ತಿಯ ಭಾಗ ವಿದ್ಯುತ್ತಿನ ತಂತಿಗಳಿಗೆ ಮೀಸಲು. ಅದರ ಕೆಳಗೆ 40 ಅಂಗುಲ ಬರಿದಾಗಿ ಬಿಡಬೇಕು. ಕೆಳಗೆ ಕೆಲಸ ಮಾಡುವವನ ಪ್ರಾಣರಕ್ಷಣೆಗಾಗಿ ಬಿಟ್ಟ ಎಡೆ ಅದು. ಅದಕ್ಕೂ ಕೆಳಗೆ ದೂರವಾಣಿ, ಕೇಬಲ್ ಟೆಲಿವಿಷನ್, ಅಂತರಜಾಲ ಇವುಗಳ ತಂತಿಗಳು, ಒಂದರಿಂದೊಂದಕ್ಕೆ ಅಡಿಯಷ್ಟು ಅಂತರದಲ್ಲಿ. ಹೊಸಬನೊಬ್ಬ ತನ್ನ ತಂತಿಯನ್ನು ಎಳೆಯಬೇಕಾದರೆ, ಈಗಾಗಲೇ ಇರುವವರು ಒಬ್ಬ ಗೇಣು ಮೇಲಕ್ಕೂ ಇನ್ನೊಬ್ಬ ಗೇಣು ಕೆಳಕ್ಕೂ ಸರಿಯಬೇಕು. ಈ ಸರಿಸುವ ಕೆಲಸಕ್ಕೆ ಅಲ್ಲಿ 'ಮೇಕ್ ರೆಡಿ' ಎಂದು ಹೆಸರು. ಕಂಬವನ್ನು ಅಣಿಗೊಳಿಸುವುದು ಎನ್ನೋಣ.

ಅಣಿಗೊಳಿಸುವುದರಲ್ಲಿ ಒಂದು ರೂಢಿಯಿತ್ತು. ಅವರವರ ತಂತಿಯನ್ನು ಅವರವರ ಜನರೇ ಬಂದು ಸರಿಸಬೇಕು. ಒಬ್ಬನ ಸರದಿ ಮುಗಿದ ಮೇಲೆ ಮತ್ತೊಬ್ಬನದು. ಛತ್ರದ ಜಗಲಿಯ ಮೇಲೆ ನಾಲ್ವರು ಮಲಗಿದ್ದಾರೆ. ಐದನೆಯವನು ಬಂದು ಎಡೆ ಕೇಳುತ್ತಾನೆ. 'ಸರಿಯುವುದಿಲ್ಲ' ಎಂದು ಯಾರೂ ಹೇಳುವುದಿಲ್ಲ. 'ನನ್ನ ಚಾಪೆಯನ್ನು ನನ್ನ ಆಳೇ ಸರಿಸಬೇಕು, ಅವನು ಮುಂದಿನ ತಿಂಗಳು ಬರುತ್ತಾನೆ' ಎಂದು ಮೊದಲನೆಯವನು ಹೇಳುತ್ತಾನೆ. ಎರಡನೆಯವನ ಆಳು ಅದಾದ ಮೇಲಿನ ತಿಂಗಳು. ಬೆಳಕು ಹರಿಯುವವರೆಗೂ ಐದನೆಯವನು ನಿಂತೇ ಇರುತ್ತಾನೆ. ಯಾರೂ ಅವನನ್ನು ಹೊರಗೆ ಹಾಕಲಿಲ್ಲ. ಆದರೂ ಅವನಿಗೆ ಎಡೆ ಸಿಕ್ಕಲಿಲ್ಲ. 2011ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರದ ಸಂಪರ್ಕ ಆಯೋಗ, ಎಂದರೆ ಎಫ್.ಸಿ.ಸಿ., ಈ ಕೆಲಸಕ್ಕೆ ಒಂದು ಗಡುವು ಹಾಕಿತು. ಹಂತಹಂತವಾಗಿ ಎಣಿಸಿದರೆ ಅದು 148 ದಿನಗಳವರೆಗೆ ಹೋಗುತ್ತಿತ್ತು.

'ಕಂಬ' ಎಂಬುದು 'ಸ್ತಂಭ' ಎಂಬ ಸಂಸ್ಕೃತ ಶಬ್ದದ ತದ್ಭವವೆಂದು ನಾವು ತರಗತಿಯಲ್ಲಿ ಹೇಳಿಕೊಡುತ್ತೇವೆ. ಸ್ತಂಭ, ಸ್ತಂಭನ ಎರಡೂ ಒಂದೇ ಧಾತುವಿನವು. ಒಂದಕ್ಕೆ ಕಂಬವೆಂದು ಅರ್ಥ, ಇನ್ನೊಂದಕ್ಕೆ ತಡೆದು ನಿಲ್ಲಿಸುವುದೆಂದು ಅರ್ಥ. ಈ ವ್ಯಾಜ್ಯವನ್ನು ಓದುವವರೆಗೆ ಆ ಎರಡು ಅರ್ಥಗಳು ಒಂದೇ ಕಡೆ ಕೂಡಿದ್ದನ್ನು ನಾನು ಕಂಡಿರಲಿಲ್ಲ.

ಕಂಬಕ್ಕಾಗಿ ಕಂಪೆನಿಗಳು ಹೊಡೆದಾಡುವುದು ಅಂತರಜಾಲದೊಡನೆ ಹುಟ್ಟಿದ್ದಲ್ಲ. 1880ರ ದಶಕದ ನ್ಯೂಯಾರ್ಕ್ ನಗರದಲ್ಲಿ ತಂತಿ ಸಮಾಚಾರದವರು, ದೂರವಾಣಿಯವರು, ವಿದ್ಯುದ್ದೀಪದವರು ತಮತಮಗೆ ತೋಚಿದಂತೆ ಕಂಬ ನೆಟ್ಟು ತಂತಿ ಎಳೆದು ಬೀದಿಯ ಮೇಲೆ ಆಕಾಶವೇ ಕಾಣದಂತೆ ಮಾಡಿದ್ದರು. ತಂತಿಗಳನ್ನು ನೆಲದೊಳಗೆ ಇಳಿಸಬೇಕೆಂದು 1884ರಲ್ಲೇ ಕಾನೂನಾಯಿತು, ಕಂಪೆನಿಗಳು ಕಿವಿಗೊಡಲಿಲ್ಲ. 1888ರ ಮಾರ್ಚ್ ತಿಂಗಳ ಭಾರಿ ಹಿಮಪಾತದಲ್ಲಿ ಕಂಬಗಳು ಸಾಲುಸಾಲಾಗಿ ಉರುಳಿದುವು. ಮರುವರ್ಷ ಅಕ್ಟೋಬರಿನಲ್ಲಿ ಜಾನ್ ಫೀಕ್ಸ್ ಎಂಬ ತಂತಿ ಕೆಲಸಗಾರ, ಹಾಡುಹಗಲಲ್ಲಿ, ನೂರಾರು ಜನರ ಕಣ್ಣೆದುರಿಗೆ, ಕಂಬದ ಮೇಲಿನ ತಂತಿಗಳ ಜಾಲದಲ್ಲಿಯೇ ವಿದ್ಯುತ್ ತಗಲಿ ಸತ್ತುಹೋದ. ಆತ ಮುಟ್ಟಿದ್ದು ಅಪಾಯವಿಲ್ಲದ ತಂತಿಯನ್ನು. ಅದಕ್ಕೆ ಎಲ್ಲೋ ದೂರದಲ್ಲಿ ದೀಪದ ಕಂಪೆನಿಯ ಪ್ರಬಲ ವಿದ್ಯುತ್ತಿನ ತಂತಿ ತಾಗಿಕೊಂಡಿತ್ತು. ಆ ಸಾವಿನ ಮೇಲೆ ಊರು ಕೆರಳಿತು. ಮೇಯರ್ ಹ್ಯೂ ಗ್ರಾಂಟ್ ಕೊಡಲಿಯವರನ್ನು ಕಳುಹಿಸಿ ಕಂಬಗಳನ್ನು ಕಡಿಸಿದ. ಮುಂದೆ ತಂತಿಗಳು ನೆಲದಡಿಯ ಕೊಳವೆಗಳಿಗೆ ಇಳಿದುವು. ಒಬ್ಬ ಕೂಲಿಯವನ ಪ್ರಾಣ ಹೋಗುವವರೆಗೆ ಕಾನೂನು ಬರಿಯ ಕಾಗದವಾಗಿತ್ತೆಂಬುದನ್ನು ಮರೆಯಬಾರದು.

ಎಲ್ಲ ಊರುಗಳೂ ನೆಲವನ್ನು ಅಗೆಯಲಾರವು. ಹೆಚ್ಚಿನ ಕಡೆ ಕಂಬಗಳು ಉಳಿದುವು; ಅವುಗಳ ಒಡೆಯರು ವಿದ್ಯುತ್ ಕಂಪೆನಿಗಳೂ ದೂರವಾಣಿ ಕಂಪೆನಿಗಳೂ ಆಗಿದ್ದರು. ಕೇಬಲ್ ಟೆಲಿವಿಷನ್ ಬಂದಾಗ ಆ ಹೊಸಬರು ಈ ಹಳಬರ ಕಂಬಕ್ಕೆ ಬಾಡಿಗೆ ತೆರಬೇಕಾಯಿತು. ಬೇರೆ ದಾರಿಯಿಲ್ಲದವನಿಂದ ಕೇಳಿದಷ್ಟು ವಸೂಲು ಮಾಡುವುದು ಲೋಕರೂಢಿ. ಇದನ್ನು ತಡೆಯಲು 1978ರಲ್ಲಿ ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿ, ಕಂಬದ ಬಾಡಿಗೆ ನ್ಯಾಯವಾಗಿದೆಯೇ ಎಂದು ನೋಡುವ ಅಧಿಕಾರವನ್ನು ಎಫ್.ಸಿ.ಸಿ.ಗೆ ಕೊಟ್ಟಿತು. ಫ್ಲಾರಿಡ ಸಂಸ್ಥಾನದ ಒಂದು ವಿದ್ಯುತ್ ಕಂಪೆನಿ ಕಂಬವೊಂದಕ್ಕೆ ವರ್ಷಕ್ಕೆ 7 ಡಾಲರ್ 15 ಸೆಂಟ್‌ವರೆಗೆ ತೆಗೆದುಕೊಳ್ಳುತ್ತಿದ್ದುದನ್ನು ಆಯೋಗವು 1 ಡಾಲರ್ 79 ಸೆಂಟಿಗೆ ಇಳಿಸಿತು. ಈ ಅಧಿಕಾರ ಸಿಂಧುವೆಂದು ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಹೇಳಿತು. 1996ರ ಕಾನೂನು ಇನ್ನೂ ಮುಂದೆ ಹೋಗಿ, ಕಂಬದಲ್ಲಿ ಎಡೆ ಕೇಳಿದವರಿಗೆ ಭೇದವಿಲ್ಲದೆ ಕೊಡಲೇಬೇಕೆಂದು ವಿಧಿಸಿತು. ಹೀಗೆ ಕಾನೂನಿನ ಬಲದಿಂದ ಕಂಬ ಹತ್ತಿದವರು ಅಂದಿನ ಹೊಸಬರು, ಕೇಬಲ್ ಟೆಲಿವಿಷನ್ನಿನವರು.

ಇನ್ನು ಆ ಎರಡು ಊರುಗಳಿಗೆ ಬರೋಣ. ಗೂಗಲ್ ಕಂಪೆನಿ ಗಾಜಿನೆಳೆಯ ತಂತಿಗಳ ಮೂಲಕ ಅತಿವೇಗದ ಅಂತರಜಾಲವನ್ನು ಮನೆಮನೆಗೆ ಕೊಡುವೆನೆಂದು ಹೊರಟು, 2012ರಲ್ಲಿ ಕನ್ಸಾಸ್ ಸಿಟಿಯಲ್ಲಿ ಸೇವೆ ಆರಂಭಿಸಿತು. ಇದರಿಂದ ಜನರಿಗೆ ಏನು ಲಾಭವೆಂದು ಕೇಳಬಹುದು. 2013ರ ಏಪ್ರಿಲ್ 9ರಂದು ಗೂಗಲ್ ಟೆಕ್ಸಾಸಿನ ಆಸ್ಟಿನ್ ನಗರಕ್ಕೆ ಬರುವೆನೆಂದು ಸಾರಿತು. ಅದೇ ದಿನವೇ ಏಟಿ ಅಂಡ್ ಟಿ ಕಂಪೆನಿ ತಾನೂ ಅಷ್ಟೇ ವೇಗದ ಜಾಲವನ್ನು ಅಲ್ಲಿ ಕಟ್ಟಲು ಸಿದ್ಧವೆಂದು ಸಾರಿತು. ಹೊಸಬನ ಹೆಜ್ಜೆಯ ಸಪ್ಪಳವೇ ಹಳಬನ ನಿದ್ದೆಯನ್ನು ಕೆಡಿಸುತ್ತದೆ. ಆದುದರಿಂದಲೇ ಆ ಹೆಜ್ಜೆ ಬೀದಿಯ ತಿರುವಿನಲ್ಲಿಯೇ ಎಷ್ಟು ಕಾಲ ನಿಂತರೆ ಹಳಬನಿಗೆ ಅಷ್ಟು ಲಾಭ.

2015ರ ಜನವರಿಯಲ್ಲಿ ಗೂಗಲ್ ತಾನು ಹೋಗುವ ಊರುಗಳ ಪಟ್ಟಿಗೆ ಟೆನೆಸೀ ಸಂಸ್ಥಾನದ ನ್ಯಾಶ್‌ವಿಲ್ ನಗರವನ್ನು ಸೇರಿಸಿತು. ಅಲ್ಲಿನ ಕಂಬಗಳಲ್ಲಿ ಐದರಲ್ಲಿ ನಾಲ್ಕು ಪಾಲು ನಗರದ ವಿದ್ಯುತ್ ಸಂಸ್ಥೆಯವು. ಉಳಿದವು ಹೆಚ್ಚಾಗಿ ಏಟಿ ಅಂಡ್ ಟಿ ಕಂಪೆನಿಯವು. 2016ರ ಸೆಪ್ಟೆಂಬರ್ ಹೊತ್ತಿಗೆ ಗೂಗಲ್ ತನ್ನ ಲೆಕ್ಕವನ್ನು ಮುಂದಿಟ್ಟಿತು. ಬೇಕಾದ ಕಂಬಗಳು 88,000, ಅವುಗಳಲ್ಲಿ ಅಣಿಗೊಳಿಸಬೇಕಾದವು 44,000ಕ್ಕೂ ಹೆಚ್ಚು, ಅಣಿಯಾದವು 33. ಸಾವಿರ ಎಂಬ ಮಾತನ್ನು ನಾನು ಬರೆಯಲು ಮರೆತೆನೆಂದು ವಾಚಕರು ತಿಳಿಯಬಾರದು, ಮೂವತ್ತಮೂರೇ ಕಂಬಗಳು. ಇದು ಒಂದು ಪಕ್ಷದವರು ಕೊಟ್ಟ ಲೆಕ್ಕ, ನಿಜ. ಆದರೂ ವ್ಯಾಜ್ಯದ ಸ್ವರೂಪವನ್ನು ತಿಳಿಯಲು ಸಾಕು.

ಆಗ ನಗರಸಭೆಗಳಿಗೆ ಹೊಳೆದ ಉಪಾಯ 'ಒನ್ ಟಚ್ ಮೇಕ್ ರೆಡಿ', ಒಂದೇ ಸ್ಪರ್ಶದಲ್ಲಿ ಅಣಿಗೊಳಿಸುವುದು. ಕಂಬದ ಒಡೆಯರು ಒಪ್ಪಿದ ಕುಶಲ ಕೆಲಸಗಾರರ ಒಂದೇ ತಂಡ ಒಮ್ಮೆ ಹತ್ತಿ, ಎಲ್ಲರ ತಂತಿಗಳನ್ನೂ ಬೇಕಾದಷ್ಟು ಸರಿಸಿ, ಹೊಸದನ್ನು ಕಟ್ಟಿ ಇಳಿದುಬಿಡಬೇಕು, ಖರ್ಚು ಹೊಸಬನದು. ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರಸಭೆ 2016ರ ಫೆಬ್ರವರಿಯಲ್ಲಿ ಇಂಥ ಶಾಸನ ಮಾಡಿತು. ಅದೇ ತಿಂಗಳಲ್ಲಿ ಏಟಿ ಅಂಡ್ ಟಿ ದಾವೆ ಹೂಡಿತು. ನ್ಯಾಶ್‌ವಿಲ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶಾಸನ ಮಾಡಿತು. ಎರಡೇ ದಿನಗಳಲ್ಲಿ ಏಟಿ ಅಂಡ್ ಟಿ, ಮರುತಿಂಗಳು ಕಾಮ್‌ಕಾಸ್ಟ್ ಎಂಬ ಕೇಬಲ್ ಕಂಪೆನಿ, ಕೋರ್ಟಿಗೆ ಹೋದುವು.

ಇಲ್ಲಿ ನಾನು ಒಂದು ಕ್ಷಣ ಪುಸ್ತಕ ಮುಚ್ಚಿ ಕುಳಿತೆ. 1978ರ ಕಾನೂನು ಯಾರ ರಕ್ಷಣೆಗೆ ಬಂತು? ಕೇಬಲ್ ಟೆಲಿವಿಷನ್ನಿನವರ ರಕ್ಷಣೆಗೆ. ಹಳಬರ ಕಂಬದಲ್ಲಿ ಎಡೆ ಬೇಡಿ ಬಂದವರ ವರ್ಗಕ್ಕೆ ಸೇರಿದ ಕಂಪೆನಿಯೊಂದು ಈಗ ಹೊಸಬನಿಗೆ ಎಡೆ ಕೊಡಲಾರೆನೆಂದು ನ್ಯಾಯಾಲಯದ ಮುಂದೆ ನಿಂತಿತ್ತು. 'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಎಂದು ನಮ್ಮ ಹಿರಿಯರು ಹೇಳುವುದುಂಟು. ಆದರೆ ಆ ಗಾದೆಯ ನಿಜವಾದ ಕಹಿ, ಎರಡೂ ಕಾಲಗಳು ಒಬ್ಬಳದೇ ಆಗಿರುವುದರಲ್ಲಿದೆ. ಅಡಿಗೆಮನೆಯ ಬಾಗಿಲಲ್ಲಿ ಕಣ್ಣೊರಸಿಕೊಂಡು ನಿಂತಿದ್ದ ಸೊಸೆಯೇ ಇಪ್ಪತ್ತು ವರ್ಷಗಳ ಮೇಲೆ ಅದೇ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ತಾನು ದಾಟಿಬಂದ ಹೊಸ್ತಿಲನ್ನು ಮನುಷ್ಯ ಬೇಗ ಮರೆಯುತ್ತಾನೆ. ಕಂಪೆನಿ ಮರೆಯುವುದರಲ್ಲಿ ಆಶ್ಚರ್ಯವೇನು?

ಹಾಗೆಂದು ಹಳಬರ ವಾದದಲ್ಲಿ ಹುರುಳಿರಲಿಲ್ಲವೆನ್ನಲಾಗದು. ತಮ್ಮ ತಂತಿಯನ್ನು ಪರರು ಮುಟ್ಟಿ ಸಂಪರ್ಕ ಕಡಿದುಹೋದರೆ ಗಿರಾಕಿ ಬೈಯುವುದು ತಮ್ಮನ್ನೇ ಎಂದು ಅವರು ಹೇಳಿದರು. ಮೂರು ದಿನ ಹಾಗೆ ಬೈದ ನಾನು ಇದನ್ನು ಅಲ್ಲಗಳೆಯಲಾರೆ. ಅಲ್ಲಿಯ ಸಂಪರ್ಕ ಕೆಲಸಗಾರರ ದೊಡ್ಡ ಸಂಘವಾದ ಸಿ.ಡಬ್ಲ್ಯು.ಎ. ಕೂಡ ಈ ಏರ್ಪಾಟನ್ನು ವಿರೋಧಿಸಿತು. ತರಬೇತಾದ ಸಂಘದ ಕೆಲಸಗಾರರು ಮಾಡುತ್ತಿದ್ದ ಕೆಲಸ ಯಾವನೋ ಗುತ್ತಿಗೆದಾರನ ಕೈಗೆ ಹೋಗುವುದೆಂಬ ಭಯ ಅವರದು. ಕಂಬ ಹತ್ತುವವನ ಅನ್ನ, ಕಂಬ ಹತ್ತುವವನ ಪ್ರಾಣ, ಇವೆರಡೂ ಲಘುವಾದ ವಿಷಯಗಳಲ್ಲ. ಎದುರುಪಕ್ಷದಲ್ಲಿದ್ದ ಗೂಗಲ್ ಕೂಡ ನಿಂತು ಬೇಡುವ ಬಡವನೇನಲ್ಲ. ಆದರೆ ಶ್ರೀಮಂತ ಹೊಸಬನನ್ನೇ ಹೀಗೆ ನಿಲ್ಲಿಸಬಹುದಾದರೆ, ನಾಳೆ ಬರುವ ಬಡ ಹೊಸಬನ ಗತಿಯೇನು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಎರಡು ನ್ಯಾಯಾಲಯಗಳಿಂದ ಎರಡು ತೀರ್ಪು ಬಂದುವು. ಲೂಯಿವಿಲ್ಲಿನಲ್ಲಿ ನ್ಯಾಯಾಧೀಶ ಡೇವಿಡ್ ಹೇಲ್ 2017ರ ಆಗಸ್ಟಿನಲ್ಲಿ ನಗರದ ಶಾಸನವನ್ನು ಎತ್ತಿಹಿಡಿದರು: ಸಾರ್ವಜನಿಕ ಹಾದಿಯ ಆಡಳಿತ ನಗರದ ಕೆಲಸ. ನ್ಯಾಶ್‌ವಿಲ್ಲಿನಲ್ಲಿ ನ್ಯಾಯಾಧೀಶೆ ವಿಕ್ಟೋರಿಯಾ ರಾಬರ್ಟ್ಸ್ ಅದೇ ನವೆಂಬರಿನಲ್ಲಿ ಶಾಸನವನ್ನು ತಳ್ಳಿಹಾಕಿದರು: ಖಾಸಗಿ ಕಂಬಗಳ ವಿಷಯ ಒಕ್ಕೂಟದ ಕಾನೂನಿಗೆ ಸೇರಿದ್ದು, ನಗರದ ಕಂಬಗಳ ವಿಷಯ ವಿದ್ಯುತ್ ಮಂಡಲಿಗೆ ಸೇರಿದ್ದು, ಎರಡರಲ್ಲಿಯೂ ನಗರಸಭೆಗೆ ಕೈಹಾಕುವ ಅಧಿಕಾರವಿಲ್ಲ. ಒಂದೇ ಉಪಾಯ, ಒಂದೇ ವಾದಿ, ಒಂದೇ ವರ್ಷ. ಆದರೂ ತೀರ್ಪು ತಲೆಕೆಳಗು. ಕಾರಣ ಸರಳವಾದುದು. ಕೆಂಟಕಿ ತನ್ನ ಕಂಬಗಳ ನಿಯಂತ್ರಣವನ್ನು ತಾನೇ ನೋಡಿಕೊಳ್ಳುವೆನೆಂದು ಒಕ್ಕೂಟಕ್ಕೆ ತಿಳಿಸಿದ್ದ ಸಂಸ್ಥಾನ; ಟೆನೆಸೀ ಹಾಗೆ ತಿಳಿಸಿರಲಿಲ್ಲ. ಬೀದಿಯಲ್ಲಿ ನಡೆದಾಡುವ ಸಾಮಾನ್ಯನಿಗೆ ಕಂಬವೆಂದರೆ ಕಂಬ. ಕಾನೂನಿಗೆ ಮಾತ್ರ ಒಂದೊಂದು ಕಂಬಕ್ಕೂ ಒಂದೊಂದು ಗೋತ್ರ.

ಕೊನೆಗೆ 2018ರ ಆಗಸ್ಟ್ 2ರಂದು ಎಫ್.ಸಿ.ಸಿ. ತಾನೇ ಈ ಏರ್ಪಾಟನ್ನು ತನ್ನ ನಿಯಮಗಳಿಗೆ ಒಳಪಟ್ಟ ಕಂಬಗಳಿಗೆಲ್ಲ ಅನ್ವಯಿಸಿತು. ಅದು ಸರಳವಾದ ಕೆಲಸಗಳಿಗೆ ಮಾತ್ರ. ಸಂಪರ್ಕ ಕಡಿಯುವ ಸಂಭವವಿರುವ ಕ್ಲಿಷ್ಟ ಕೆಲಸಗಳಿಗಲ್ಲ. ತಂತಿ ಮುಟ್ಟುವ ಮುನ್ನ ಹಳಬರಿಗೆ 15 ದಿನಗಳ ತಿಳಿವಳಿಕೆ ಕೊಡಬೇಕು. ಕೆಲಸವಾದ ಮೇಲೆ ಪರೀಕ್ಷಿಸಿ ನೋಡಲು ಅವರಿಗೆ 90 ದಿನಗಳ ಅವಕಾಶವಿದೆ. ಹಳಬರ ಭಯಕ್ಕೂ ಹೊಸಬನ ಅವಸರಕ್ಕೂ ನಡುವೆ ಎಳೆದ ಗೆರೆ ಇದು. 2020ರಲ್ಲಿ ಮೇಲಿನ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನ್ಯಾಯ ಗೆದ್ದಿತೆಂದು ಮಂಗಳ ಹಾಡಬಹುದಾಗಿತ್ತು. ಆದರೆ ಲೂಯಿವಿಲ್ಲಿನಲ್ಲಿ ಆದದ್ದೇ ಬೇರೆ. ದಾವೆ ಗೆದ್ದರೂ ಗೂಗಲ್ ಅಲ್ಲಿ ಕಂಬದ ಹಾದಿಯನ್ನು ನೆಚ್ಚಿಕೊಳ್ಳಲಿಲ್ಲ. ರಸ್ತೆಯಲ್ಲಿ ಎರಡೇ ಅಂಗುಲ ಆಳದ ಸೀಳು ಕೊರೆದು, ಅದರಲ್ಲಿ ತಂತಿಯನ್ನಿಟ್ಟು ಮೇಲೆ ಅಂಟು ತುಂಬಿಸಿ, 2017ರ ಅಕ್ಟೋಬರಿನಲ್ಲಿ ಸೇವೆ ಆರಂಭಿಸಿತು. ಎರಡು ಅಂಗುಲವೆಂದರೆ ನಮ್ಮ ರೈತ ಹೆಸರುಕಾಳನ್ನು ಬಿತ್ತುವಷ್ಟು ಆಳ. ಗಾಡಿಗಳ ಚಕ್ರಕ್ಕೆ ಆ ಅಂಟು ಎದ್ದುಬಂತು. ತಂತಿಗಳು ಬೀದಿಯ ಮೇಲೆಯೇ ಕಾಣತೊಡಗಿದುವು. 2019ರ ಫೆಬ್ರವರಿಯಲ್ಲಿ ಗೂಗಲ್ ಆ ಊರನ್ನು ಬಿಡುವೆನೆಂದು ಹೇಳಿ, ಏಪ್ರಿಲಿನಲ್ಲಿ ಸೇವೆ ನಿಲ್ಲಿಸಿತು. ರಸ್ತೆಗಳನ್ನು ಸರಿಪಡಿಸಲು ನಗರಕ್ಕೆ 38,40,000 ಡಾಲರ್ ಕೊಡಲು ಒಪ್ಪಿತು. ದಾವೆ ಸೋತ ನ್ಯಾಶ್‌ವಿಲ್ಲಿನಲ್ಲಿಯೋ, ಅದು ಸೇವೆಯನ್ನು ಮುಂದುವರಿಸಿತು. ಗೆದ್ದ ಊರನ್ನು ಬಿಟ್ಟಿತು, ಸೋತ ಊರಿನಲ್ಲಿ ಉಳಿಯಿತು. ಕಾನೂನು ದಾರಿಯನ್ನು ತೆರೆದುಕೊಡಬಲ್ಲದು; ಆ ದಾರಿಯಲ್ಲಿ ಕೆಲಸವನ್ನು ಚೆನ್ನಾಗಿ ಮಾಡಿಸುವುದು ಅದೊಂದರಿಂದ ಆಗದು.

ಇವೆಲ್ಲ ದೂರದ ಊರಿನ ಸಂಗತಿಯಾದರೂ ನಮಗೆ ಹೊರತಲ್ಲ. ನಮ್ಮ ದೇಶದಲ್ಲಿ ಬಹುಕಾಲ 1885ರ ತಂತಿ ಕಾಯಿದೆಯೇ ಇದಕ್ಕೆ ಆಧಾರವಾಗಿತ್ತು. ಅದರಡಿಯಲ್ಲಿ ಹಾದಿಯ ಹಕ್ಕಿಗೆಂದು ಪ್ರತ್ಯೇಕ ನಿಯಮಗಳು ಹುಟ್ಟಿದ್ದು 2016ರಲ್ಲಿ. 2023ರ ದೂರಸಂಪರ್ಕ ಕಾಯಿದೆ, ಹಾದಿಯ ಹಕ್ಕನ್ನು ಭೇದವಿಲ್ಲದೆ ಕೊಡಬೇಕೆಂದೂ ಆದಷ್ಟು ಮಟ್ಟಿಗೆ ಅದು ಒಬ್ಬನದೇ ಸೊತ್ತಾಗಬಾರದೆಂದೂ ಹೇಳುತ್ತದೆ. ಎಲ್ಲರೂ ಬಳಸಬಹುದಾದ ಸಾಮಾನ್ಯ ಕೊಳವೆಮಾರ್ಗಗಳ ಮಾತನ್ನೂ ಆಡುತ್ತದೆ. ಅದರಡಿಯ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದಿವೆ. ಬೆಂಗಳೂರಿನಲ್ಲಿ ಟೆಂಡರ್ ಶ್ಯೂರ್ ಎಂಬ ಯೋಜನೆಯಲ್ಲಿ ಕೆಲವು ರಸ್ತೆಗಳ ಕಾಲುದಾರಿಯ ಕೆಳಗೆ ಇಂಥ ಕೊಳವೆಗಳನ್ನು ಮೊದಲೇ ಹುದುಗಿಸಿದ್ದಾರೆ. ಮಾತು ಒಳ್ಳೆಯದು, ಮಾದರಿಯೂ ಒಳ್ಳೆಯದು. ಆದರೆ 1884ರ ನ್ಯೂಯಾರ್ಕಿನ ಕಾನೂನೂ ಒಳ್ಳೆಯ ಮಾತನ್ನೇ ಆಡಿತ್ತು.

ಹಾಗಾದರೆ ಬೀದಿಯ ಕಂಬ ಯಾರದು? ನೆಟ್ಟವನು ತನ್ನದೆನ್ನುತ್ತಾನೆ, ಮೊದಲು ಹತ್ತಿದವನು ತನಗೂ ಪಾಲಿದೆಯೆನ್ನುತ್ತಾನೆ, ಕೊನೆಗೆ ಬಂದವನು ತನಗೂ ಎಡೆ ಬೇಕೆನ್ನುತ್ತಾನೆ. ಅದು ನಿಂತಿರುವ ನೆಲ ಮಾತ್ರ ಊರಿನದು. ಊರು ತನ್ನ ಒಡೆತನವನ್ನು ಮರೆತರೆ ಎರಡರಲ್ಲಿ ಒಂದು ಆಗುತ್ತದೆ: ಹಳಬರು ಹೊಸಬನನ್ನು ತಡೆದು ನಿಲ್ಲಿಸುತ್ತಾರೆ, ಇಲ್ಲವೇ ಹೊಸಬ ಹಳಬರ ತಂತಿಯನ್ನು ಕತ್ತರಿಸಿ ನುಗ್ಗುತ್ತಾನೆ. ಮೊದಲನೆಯದು ನ್ಯಾಶ್‌ವಿಲ್, ಎರಡನೆಯದು ನಮ್ಮ ಬೀದಿ. ಎರಡರಲ್ಲಿಯೂ ದಂಡ ತೆರುವವನು ಮನೆಯೊಳಗೆ ಕುಳಿತವನು.

ಮೂರನೆಯ ದಿನ ನಮ್ಮ ಸಂಪರ್ಕವನ್ನು ಸರಿಪಡಿಸಲು ಬಂದವನು ಇಪ್ಪತ್ತರ ಹರೆಯದ ಹುಡುಗ. ಮಳೆ ಆಗಷ್ಟೇ ನಿಂತಿತ್ತು, ಏಣಿ ಒದ್ದೆಯಾಗಿತ್ತು, ಅವನ ಕೈಗೆ ಕವಚವಿರಲಿಲ್ಲ, ನಡುವಿಗೆ ಪಟ್ಟಿಯಿರಲಿಲ್ಲ. ಆ ಜಾಲದೊಳಗೆ ಕೈಯಿಟ್ಟು ನಮ್ಮ ತಂತಿ ಯಾವುದೆಂದು ಹುಡುಕುತ್ತಿದ್ದ. ಅವನ ಸುತ್ತ ಇದ್ದ ತಂತಿಗಳು ಯಾರ ಯಾರವೋ ಅವನಿಗೂ ತಿಳಿಯದು. ನಾನು ಕೆಳಗೆ ನಿಂತು ಏಣಿಯನ್ನು ಹಿಡಿದುಕೊಂಡೆ. "ಬಿಡಿ ಸರ್, ದಿನಾ ಹತ್ತೋದೇ," ಎಂದು ಅವನು ಮೇಲಿನಿಂದ ನಕ್ಕ. ಅವನು ನೆಲಕ್ಕೆ ಕಾಲಿಡುವವರೆಗೂ ನಾನು ಏಣಿಯನ್ನು ಬಿಡಲಿಲ್ಲ.